ನೂರ ಎಂಬತ್ತೇಳನೆಯ ಡ್ರಮ್ಮು

ಕಾರ್ಖಾನೆ ಕ್ವಾರ್ಟರ್ಸ್, ಬಾಗ್ದಾದಿನ ಉತ್ತರಕ್ಕೆ
ಬುಧವಾರ, 19 ನವೆಂಬರ್ 2003
ರಂಜಾನಿನ ಇಪ್ಪತ್ನಾಲ್ಕನೆಯ ದಿನ, ಮಧ್ಯಾಹ್ನ ಮೂರು ಗಂಟೆ

ನನ್ನ ಕಣ್ಣಿನ ಬೆಳಕು ಹದೀಲ್,

ನಿನಗೆ ಎರಡು ಮುತ್ತು, ಲಾನಾ ಪುಟ್ಟಿಗೆ ಲೆಕ್ಕವಿಲ್ಲದಷ್ಟು, ಅಳಿಯಂದಿರು ರೇಬ್ವಾರ್ ಅವರಿಗೆ ಸಲಾಮು. ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ಲೆಕ್ಕವಿಲ್ಲದಷ್ಟು ಎಂದು ಬರೆದರೆ ಅದು ಪ್ರೀತಿಯೇ ಎಂದು ತಿಳಿದುಕೊ.

ಉಪವಾಸದ ಹೊಟ್ಟೆಯಲ್ಲಿ ಬರೆಯುತ್ತಿದ್ದೇನೆ. ಇಫ್ತಾರಿಗೆ ಇನ್ನೂ ಎರಡು ಗಂಟೆ ಇದೆ. ಮಾತು ಎಲ್ಲಾದರೂ ಖಾರವಾದರೆ ನನ್ನನ್ನು ಬಿಟ್ಟು ಹಸಿವನ್ನು ಬೈದುಕೊ. ಮೂರು ವರ್ಷದಲ್ಲಿ ನೀನು ಬರೆದ ಕಾಗದ ಐದು. ಐದರಲ್ಲಿ ಒಂದರಲ್ಲೂ ಅಪ್ಪ ಎಂಬ ಪದವಿಲ್ಲ. ಮಗು ಹುಟ್ಟಿದ ಸುದ್ದಿಯನ್ನೂ ನನ್ನ ಹೆಸರಿಗೆ ಮಾತ್ರ ಬರೆದೆ. ನಾನು ಅದನ್ನು ಬೇಕೆಂದೇ ಗಟ್ಟಿಯಾಗಿ ಓದಿದೆ. ಅವರು ಬಾಗಿಲ ಆಚೆ ನಿಂತು ಕೇಳಿಸಿಕೊಂಡರು, ಒಳಗೆ ಬರಲಿಲ್ಲ.

ನಿನ್ನ ಸಿಟ್ಟಿನ ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ರೇಬ್ವಾರ್ ಅವರ ಸೋದರತ್ತೆ ಎಂಬತ್ತೆಂಟರ ಮಾರ್ಚಿನಲ್ಲಿ, ಹಲಬ್ಜಾ ಪಟ್ಟಣದ ಮೇಲೆ ವಿಷದ ಗಾಳಿ ಬಿಟ್ಟ ದಿನ, ತನ್ನದೇ ಮನೆಯ ನೆಲಮಾಳಿಗೆಯಲ್ಲಿ, ಎರಡು ಮಕ್ಕಳನ್ನು ತಬ್ಬಿಕೊಂಡು ಸತ್ತವರು. ಆ ವಿಷದ ಗಾಳಿ ಯಾವ ಕಾರ್ಖಾನೆಯಿಂದ ಹೋಯಿತು ಎಂದು ನೀನು ಇದೇ ಹಜಾರದಲ್ಲಿ ನಿಂತು ಅಪ್ಪನನ್ನು ಕೇಳಿದೆ. ಅವರು "ನಾನು ಕೆಲಸ ಮಾಡಿದೆ" ಎಂದಷ್ಟೇ ಹೇಳಿ ಗಿಡಕ್ಕೆ ನೀರು ಹಾಕಲು ಎದ್ದು ಹೋದರು. ನೀನು ಅಂದೇ ಬಸ್ಸು ಹತ್ತಿದೆ. ಆ ಜಗಳವನ್ನು ಈ ಕಾಗದದಲ್ಲಿ ತೀರಿಸಲು ನಾನು ಹೊರಟಿಲ್ಲ. ಸದ್ಯ ನನಗೆ ನಿನ್ನಿಂದ ಒಂದು ವಸ್ತು ಬೇಕು.

ನಿನ್ನ ಅಡುಗೆಮನೆಯಲ್ಲಿ ಅಕ್ಕಿ ತುಂಬಿಟ್ಟಿರುವ ನೀಲಿ ಡ್ರಮ್ಮು ಇದೆಯಲ್ಲ, ಮದುವೆಯಾಗಿ ಹೊರಟಾಗ ರಜಾಯಿ, ಗಾಜಿನ ಸಾಮಾನು ತುಂಬಿ ಲಾರಿಗೆ ಹಾಕಿ ಕಳಿಸಿದ್ದೆನಲ್ಲ, ಅದೇ. ತಳದ ಅಂಚಿನಲ್ಲಿ ಸುತ್ತಿಗೆಯಿಂದ ಹೊಡೆದು ಕೂರಿಸಿದ ಒಂದು ಅಂಕಿ ಇರುತ್ತದೆ. ಬಗ್ಗಿ ನೋಡು. ನೂರ ಎಂಬತ್ತೇಳು ಇರಬೇಕು. ನಿನ್ನ ಅಪ್ಪ ಸೆರೆಯಿಂದ ಮನೆಗೆ ಬರುವುದು ಆ ಡ್ರಮ್ಮಿನ ಮೇಲೆ ನಿಂತಿದೆ. ಹೆದರಿ ಅಕ್ಕಿ ಚೆಲ್ಲಬೇಡ. ನೀರು, ರಜಾಯಿ, ಗಾಜು, ಅಕ್ಕಿ ಬಿಟ್ಟು ಅದರೊಳಗೆ ಬೇರೆ ಏನೂ ಯಾವತ್ತೂ ಬಿದ್ದಿಲ್ಲ. ಇಡೀ ಕಥೆ ಇರುವುದೇ ಅಲ್ಲಿ.

ಜೂನಿನಲ್ಲಿ ವಿದೇಶಿ ಸೈನ್ಯದ ಶೋಧ ತಂಡದವರು ಬಂದು ಅಪ್ಪನನ್ನು ಕರೆದೊಯ್ದದ್ದನ್ನು ಎರಡು ಸಾಲಿನಲ್ಲಿ ಬರೆದಿದ್ದೆ. ನೀನು ಉತ್ತರ ಬರೆಯಲಿಲ್ಲ, ಇರಲಿ. ಈ ದೇಶದ ತುಂಬ ಅವರು ಹುಡುಕುತ್ತಿರುವುದು ಒಂದನ್ನೇ: ಕಾಗದದಲ್ಲಿ ಇದ್ದು ನೆಲದ ಮೇಲೆ ಸಿಗದ ವಿಷ. ನಮ್ಮ ಕಾರ್ಖಾನೆಯ ಒಂದು ವರದಿ ಅವರ ಕೈಗೆ ಸಿಕ್ಕಿತ್ತು. ಎಂಬತ್ತೆಂಟನೆಯ ಇಸವಿಯದು, ಇನ್ನೂರು ಡ್ರಮ್ಮು ವಿಷ ತಯಾರಾಗಿದೆ ಎಂದು, ಕೆಳಗೆ ಎಂಜಿನಿಯರ್ ಗಾನಿಮ್ ಎಂದು ನಿನ್ನ ಅಪ್ಪನ ಸಹಿ. ಅದರಲ್ಲಿ ನೂರ ಅರವತ್ತರ ಹಾದಿ ಅವರಿಗೆ ಸಿಕ್ಕಿದೆ. ಕೆಲವು ಯುದ್ಧಕ್ಕೆ ಹೋದವು, ಉಳಿದವನ್ನು ಆಮೇಲೆ ಹಿಂದಿನ ತಪಾಸಣೆಯವರ ಕಣ್ಣೆದುರೇ ಸುಟ್ಟರು. ನೂರ ಅರವತ್ತೊಂದರಿಂದ ಇನ್ನೂರರವರೆಗೆ, ನಲವತ್ತು ಡ್ರಮ್ಮು, ಭೂಮಿ ಬಾಯ್ಬಿಟ್ಟು ನುಂಗಿದ ಹಾಗೆ ಮಾಯ.

ಹಿತ್ತಿಲಲ್ಲಿ ನಾರಂಜ್ ಕಿತ್ತಳೆ ಗಿಡದ ಬುಡ ಅಗೆದರು. ಆಳುದ್ದ ಗುಂಡಿ ತೋಡಿದ ಮೇಲೆ ಸಲಿಕೆಗೆ ಠಣ್ ಎಂದು ತಗಲಿತು. ಎಲ್ಲರೂ ಹಿಂದೆ ಸರಿದರು. ಮುಖಕ್ಕೆ ಮುಸುಕು ಹಾಕಿಕೊಂಡವನೊಬ್ಬ ಇಳಿದು, ವಿಷ ಪತ್ತೆಹಚ್ಚುವ ಯಂತ್ರ ಹಿಡಿದು, ಕೂಸು ಎತ್ತಿದ ಹಾಗೆ ಎತ್ತಿಕೊಂಡು ಬಂದ. ಬಿಸ್ಕತ್ತಿನ ಡಬ್ಬಿ! ಒಳಗೆ ನಿನ್ನ ಏಳನೆಯ ತರಗತಿಯ ಅಂಕಪಟ್ಟಿ. ಗಣಿತದಲ್ಲಿ ಮೂವತ್ತೆರಡು. ಕಳೆದುಹೋಯಿತು ಎಂದು ನನ್ನ ಮುಂದೆ ಕಣ್ಣೀರು ಹಾಕಿದ್ದೆಯಲ್ಲ ಕಳ್ಳಿ, ಅದು. ಅವರು ಅದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದರು. ಆಮೇಲೆ ಅಪ್ಪನನ್ನು ಕರೆದುಕೊಂಡು ಹೋದರು. ಗುಂಡಿ ಮೊನ್ನೆಯವರೆಗೂ ಹಾಗೆಯೇ ಬಾಯಿ ತೆರೆದುಕೊಂಡಿತ್ತು, ಈಗ ಮುಚ್ಚಿದೆ.

ಸೆಪ್ಟೆಂಬರಿನಲ್ಲಿ ಒಂದು ಸಲ ನೋಡಲು ಬಿಟ್ಟರು, ವಿಮಾನ ನಿಲ್ದಾಣದ ಹತ್ತಿರದ ಶಿಬಿರದಲ್ಲಿ. ಮೇಜಿನ ಆಚೆ ಅವರು, ಈಚೆ ನಾನು. ಪಕ್ಕದಲ್ಲಿ ನರೆಗೂದಲಿನ ಒಬ್ಬ ಮೇಡಂ, ರಸಾಯನಶಾಸ್ತ್ರದವಳು, ಮತ್ತು ನಮೀರ್ ಎಂಬ ದುಭಾಷಿ. ಈ ನಮೀರ್ ಇಲ್ಲೇ ಹುಟ್ಟಿ ಆರನೆಯ ವಯಸ್ಸಿಗೆ ವಿದೇಶಕ್ಕೆ ಹೋದವನು. ಅವನ ಅರಬ್ಬಿಯೂ ಆರು ವರ್ಷಕ್ಕೇ ನಿಂತಿದೆ. ದಪ್ಪ ಮೀಸೆಯ ಗಂಡಸು ಬಾಯಿ ತೆರೆದರೆ ಶಿಶುವಿಹಾರದ ಮಗು ಮಾತಾಡಿದ ಹಾಗಿರುತ್ತದೆ. ಅಪ್ಪ ಇಳಿದುಹೋಗಿದ್ದರು. ಅಂಗಿಯ ಗುಂಡಿ ಒಂದು ತಪ್ಪು ಕಾಜಕ್ಕೆ ಬಿದ್ದಿತ್ತು, ಕೈಚಾಚಿ ಸರಿಮಾಡಲು ಬಿಡಲಿಲ್ಲ.

ನಮೀರ್ ಕೇಳಿದ, "ಎಂಜಿನಿಯರ್ ಸಾಹೇಬ್ರೇ, ನಿಮ್ಮ ಹೆಂಡ್ತಿ ಮುಂದೆನಾದ್ರೂ ಹೇಳಿ. ಆ ನಲವತ್ತು ಎಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ? ಸುಟ್ರಾ, ಹೂತ್ರಾ?"

"ಇರ್ಲೇ ಇಲ್ಲ ಮಗಾ. ತುಂಬ್ಲೇ ಇಲ್ಲ."

"ಮತ್ತೆ ಇನ್ನೂರು ಅಂತ ನೀವೇ ಬರ್ದಿದ್ದೀರಿ?"

"ಅಧ್ಯಕ್ಷರ ಹುಟ್ಟುಹಬ್ಬ ಇತ್ತು."

ನಾನು ನಕ್ಕುಬಿಟ್ಟೆ ಹದೀಲ್. ಅಂಥ ಜಾಗದಲ್ಲಿ, ಬಂದೂಕಿನವರ ನಡುವೆ, ತಡೆಯಲಾಗಲಿಲ್ಲ. ನಮೀರ್ ಕಂಗಾಲಾದ. "ಖಾಲಾ, ಇದ್ರಲ್ಲಿ ನಗೋದೇನಿದೆ? ಮೂರು ತಿಂಗ್ಳಿಂದ ಇದನ್ನೇ ಹೇಳ್ತಿದ್ದಾರೆ, ನಮಗೆ ಒಂದೂ ಅರ್ಥ ಆಗ್ತಿಲ್ಲ."

"ಅಯ್ಯೋ ನನ್ನಪ್ಪಾ," ಎಂದೆ, "ನಿನ್ನ ಬೇಗ ಕರ್ಕೊಂಡು ಹೋಗ್ಬಿಟ್ರು. ಇನ್ನೆರಡು ವರ್ಷ ಇಲ್ಲಿ ಸ್ಕೂಲಿಗೆ ಹೋಗಿದ್ರೆ ನಿನಗೂ ಗೊತ್ತಾಗ್ತಿತ್ತು." ನಾನು ನಮ್ಮ ಶಾಲೆಯ ಹಾಜರಿಯ ಕಥೆ ಹೇಳಿದೆ. ತರಗತಿಯಲ್ಲಿ ನಲವತ್ತಮೂರು ಮಕ್ಕಳು, ಪುಸ್ತಕದಲ್ಲಿ ಅರವತ್ತು. ಯಾಕೆಂದರೆ ಮುಖ್ಯೋಪಾಧ್ಯಾಯರು ಜಿಲ್ಲೆಗೆ ಅರವತ್ತು ಎಂದು ಮಾತು ಕೊಟ್ಟಿದ್ದರು, ಜಿಲ್ಲೆಯವರು ಅದನ್ನು ಎಪ್ಪತ್ತು ಮಾಡಿ ಮೇಲಕ್ಕೆ ಕಳಿಸಿದ್ದರು. ಖರ್ಜೂರದ ಫಸಲೂ ಹಾಗೆಯೇ, ಮೆರವಣಿಗೆಗೆ ಬಂದ ಜನರೂ ಹಾಗೆಯೇ. ಇಲ್ಲಿ ಮೇಲಕ್ಕೆ ಹೋಗುವ ಅಂಕಿ ಮೆಟ್ಟಿಲಿಗೊಮ್ಮೆ ದಪ್ಪಗಾಗುತ್ತದೆ. ಕಡಿಮೆ ಎಂದು ಬರೆದವನು ಆಮೇಲೆ ಏನನ್ನೂ ಬರೆಯುವುದಿಲ್ಲ.

ನಮೀರ್ ಇದನ್ನೆಲ್ಲ ಮೇಡಂಗೆ ಹೇಳಿದ. ಅವಳು ಒಂದು ಪ್ರಶ್ನೆ ಕೇಳಿಸಿದಳು. ವಿಷ ಬಚ್ಚಿಡುವವರು ಸಂಖ್ಯೆ ಇಳಿಸುತ್ತಾರೆ, ಇಲ್ಲದ ವಿಷವನ್ನು ಇದೆ ಎನ್ನುವವರು ಯಾರು ಎಂದು. ಹೆದರಿದವರು ಎಂದೆ. ಒಳ್ಳೆಯ ಕಥೆ, ಆದರೆ ಕೈಯಲ್ಲಿ ಮುಟ್ಟುವಂಥದ್ದು ಏನಾದರೂ ಬೇಕು ಎಂದಳು. ಅವಳ ತಪ್ಪೇನಿಲ್ಲ, ನಾನೂ ಹುಡುಗಿಯರು ಲೆಕ್ಕದ ಉತ್ತರ ಮಾತ್ರ ಬರೆದರೆ ಅಂಕ ಕೊಡುತ್ತಿರಲಿಲ್ಲ.

ಈಗ ನಿನಗೆ ಹೇಳದೆ ಇಟ್ಟಿದ್ದನ್ನು ಹೇಳುತ್ತೇನೆ. ಆ ವರ್ಷ ಜನವರಿಯಲ್ಲಿ ಇನ್ನೂರು ಹೊಸ ಡ್ರಮ್ಮು ಬಂದವು. ನೀಲಿ ಬಣ್ಣ ಹೊಡೆದು ಅಂಕಿ ಕೂರಿಸಿದರು. ಹುಟ್ಟುಹಬ್ಬದೊಳಗೆ ಇನ್ನೂರೂ ತುಂಬಬೇಕು ಎಂದು ಆಜ್ಞೆ. ನೂರ ಅರವತ್ತು ತುಂಬುವಷ್ಟರಲ್ಲಿ ಹೊರಗಿನಿಂದ ಬರುವ ಸರಕು ನಿಂತಿತು, ಕುದಿಸುವ ದೊಡ್ಡ ಹಂಡೆಯೂ ತೂತು ಬಿತ್ತು. ಅಪ್ಪನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಅವರ ಕೋಟು ಕುರ್ಚಿಯ ಬೆನ್ನಿಗೆ ಒಂದು ವರ್ಷ ನೇತಾಡಿತು, ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ವರದಿ ಕಳಿಸಬೇಕಾದ ಹಿಂದಿನ ಸಂಜೆ ಅಪ್ಪ ಅದರ ಕಾಗದ ಹಿಡಿದು ಅಡುಗೆಮನೆಗೆ ಬಂದರು. ನಾನು ಬಾಕಲಾ ಕಾಳು ಬಿಡಿಸುತ್ತಿದ್ದೆ. "ನಜೀಹಾ, ನೂರ ಅರವತ್ತಕ್ಕೆ ನಲವತ್ತು ಕೂಡಿದ್ರೆ ಎಷ್ಟು?" ಎಂದರು. ಎಂಜಿನಿಯರು ಕೇಳುವ ಪ್ರಶ್ನೆಯೇ ಅದು? ನಾನು ತಲೆ ಎತ್ತದೆ "ಇನ್ನೂರು" ಎಂದೆ. ಅವರು ಬರೆದರು.

ಬರೀ ಕೂಡಿಸಿ ಹೇಳಿದೆ, ನನ್ನದೇನು ತಪ್ಪು ಎಂದು ಹದಿನೈದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನಗೆ ಗೊತ್ತಿತ್ತು. ನಲವತ್ತು ಇಲ್ಲ ಎನ್ನುವುದೂ ಗೊತ್ತಿತ್ತು, ಆ ನೂರ ಅರವತ್ತರಲ್ಲಿ ಇದ್ದದ್ದು ಹೊಲದ ಹುಳಕ್ಕೆ ಹೊಡೆಯುವ ಔಷಧಿಯಲ್ಲ ಎನ್ನುವುದೂ ಗೊತ್ತಿತ್ತು. ನಿನಗೆ ಔಷಧಿ ಕಾರ್ಖಾನೆ ಎಂದು ಹೇಳಿಕೊಟ್ಟವಳು ನಾನೇ.

ಉಳಿದ ನಲವತ್ತು ಖಾಲಿ ಡ್ರಮ್ಮು ಯಾರ ಕಣ್ಣಿಗೂ ಬೀಳಬಾರದಲ್ಲ. ಅಪ್ಪನ ಮೇಸ್ತ್ರಿ ಅಬು ದಾವೂದ್, ಟ್ರ್ಯಾಕ್ಟರಿಗೆ ಹೇರಿ, ಹಬ್ಬದ ಉಡುಗೊರೆ ಎಂದು ಕ್ವಾರ್ಟರ್ಸಿನ ಮನೆಮನೆಗೆ ಇಳಿಸಿದ. ಯಾರೂ ಏನೂ ಕೇಳಲಿಲ್ಲ. ಮೂರು ವರ್ಷದ ಮೇಲೆ ಬಾಂಬು ಬಿದ್ದು ನಲ್ಲಿ ನಿಂತಾಗ ಇಡೀ ಬೇಸಗೆ ನಾವೆಲ್ಲ ನೀರು ಕುಡಿದದ್ದು ಅವುಗಳಿಂದಲೇ. ಜಗತ್ತು ಹನ್ನೆರಡು ವರ್ಷ ಹುಡುಕಿದ ಮಹಾಸ್ತ್ರಗಳು ನಮ್ಮ ತಾರಸಿಯ ಮೇಲೆ ಪಾಚಿ ಕಟ್ಟಿಕೊಂಡು ಕೂತಿದ್ದವು.

ಅಪ್ಪ ಇದನ್ನು ಅಲ್ಲಿ ಹೇಳಿರಲಿಲ್ಲ. ಹೇಳಿದರೆ ಮನೆಗಳ ಹೆಸರು ಕೇಳುತ್ತಾರೆ, ಆ ಮನೆಗಳ ಗಂಡಸರೂ ತನ್ನ ಪಕ್ಕ ಬಂದು ಕೂರಬೇಕಾಗುತ್ತದೆ ಎಂದು ಅವರ ಭಯ. ನಾನು ಎದ್ದು ಬರುವಾಗ ಬೇಡ ಎಂದು ಕಣ್ಣಲ್ಲೇ ಹೇಳಿದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಅವರ ಮಾತು ಕೇಳಿದ್ದು ಎಷ್ಟು ಸಲ ಎಂದು ನಿನಗೇ ಗೊತ್ತು.

ಮೊದಲು ಅಬು ದಾವೂದ್ ಮನೆಗೆ ಹೋದೆ. ನೆನಪಿದೆಯಲ್ಲ, ತಾರಸಿಯ ಮೇಲೆ ಪಾರಿವಾಳ ಸಾಕುವವರು. "ಅಬು ದಾವೂದ್, ನಿಮ್ಮ ಪಾರಿವಾಳದ ಕಾಳು ಯಾವುದ್ರಲ್ಲಿ ಇಟ್ಟಿದ್ದೀರಿ?" ಎಂದೆ.

"ಯಾವ ಪಾರಿವಾಳ?" ಎಂದರು. ಅವರ ಹೆಗಲ ಮೇಲೆ ಒಂದು ಕೂತು ಕಿವಿ ಕುಕ್ಕುತ್ತಿತ್ತು.

"ಅದೇ, ನಿಮ್ಮ ಕಿವಿ ತಿಂತಾ ಇದೆಯಲ್ಲ, ಅದು."

"ಹದೀಲ್ ಅಮ್ಮಾ, ನಂಗೆ ಪಾರಿವಾಳನೂ ಗೊತ್ತಿಲ್ಲ, ಡ್ರಮ್ಮೂ ಗೊತ್ತಿಲ್ಲ. ನಿಮ್ಮ ಯಜಮಾನ್ರು ದೊಡ್ಡ ಮನುಷ್ಯ, ಅಲ್ಲಾ ಅವರನ್ನ ಬಿಡಿಸ್ಲಿ," ಎಂದು ಬಾಗಿಲು ಹಾಕಿಕೊಂಡರು. ನಾನು ಡ್ರಮ್ಮು ಎಂಬ ಪದವನ್ನೇ ಎತ್ತಿರಲಿಲ್ಲ!

ಹತ್ತು ಮನೆಯಲ್ಲಿ ಹೀಗೇ ಆಯಿತು. ತಾರಸಿಯ ಮೇಲಿದ್ದ ಡ್ರಮ್ಮುಗಳಿಗೆ ಬೆಳಗಾಗುವುದರೊಳಗೆ ಹಳೆಯ ಕಂಬಳಿ ಹೊದಿಸಿದರು. ಎರಡು ದಿನ ಮಂಚ ಬಿಟ್ಟು ಏಳಲಿಲ್ಲ ನಾನು. ಹಾಜಿಯಾ ಬದ್ರಿಯಾ ಬಂದು ಎಬ್ಬಿಸಿದಳು. ಪಕ್ಕದ ಮನೆಯವಳ ನಾಲಿಗೆ ನಿನಗೆ ಗೊತ್ತೇ ಇದೆ. "ನಿನ್ನ ಗಂಡ ಕೊಟ್ಟ ಡ್ರಮ್ಮಲ್ಲಿ ತುರ್ಶಿ ಉಪ್ಪಿನಕಾಯಿ ಹಾಕಿ ಹದಿನೈದು ವರ್ಷದಿಂದ ಕಬ್ಬಿಣ ತಿಂತಿದ್ದೀವಿ ಕಣೇ. ನಮ್ಮತ್ತೆ ಸಾಯೋವರೆಗೂ ನಂಗೆ ಅದನ್ನೇ ಅಂದ್ಲು. ಸಾಮೂಹಿಕ ವಿನಾಶ ಅಂದ್ರೆ ಅದೇ, ಬರ್ಕೊಳ್ಳೋಕೆ ಹೇಳು ಅವ್ರಿಗೆ," ಎಂದಳು. ಅಷ್ಟು ಬೈದ ಮೇಲೆ ದನಿ ತಗ್ಗಿಸಿದಳು. "ಬಾಯಿ ಬಿಟ್ಟು ಯಾರೂ ಹೇಳಲ್ಲ. ಕೇಳೋದನ್ನ ಬಿಡು. ನಾಳಿದ್ದು ರಂಜಾನು. ತಟ್ಟೆ ಕಳ್ಸು."

ನಿಮ್ಮ ಸುಲೈಮಾನಿಯಾದಲ್ಲೂ ಈ ಪದ್ಧತಿ ಇರಬೇಕು. ಇಫ್ತಾರಿಗೆ ಮುಂಚೆ ಒಂದು ಮನೆಯಿಂದ ತಟ್ಟೆ ಬಂದರೆ ಅದನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಎಂಥ ಜಗಳವಿದ್ದರೂ, ಎಂಥ ಬಡತನವಿದ್ದರೂ, ಒಂದು ನಿಂಬೆಹಣ್ಣಾದರೂ ಇಟ್ಟೇ ಕಳಿಸಬೇಕು. ನಾನು ಮೊದಲನೆಯ ದಿನವೇ ಮಾಂಸ ತುಂಬಿದ ಕುಬ್ಬಾ ಉಂಡೆ ಎರಡು ತಟ್ಟೆ ಮಾಡಿದೆ. ರೊಟ್ಟಿಯ ಕೆಳಗೆ ಒಂದು ಚೀಟಿ. ಅದರಲ್ಲಿ ನನ್ನದೇ ಅಡುಗೆಮನೆಯ ಡ್ರಮ್ಮಿನ ಅಂಕಿ, 171. ಅಷ್ಟೇ. ಪ್ರಶ್ನೆಯಿಲ್ಲ, ಹೆಸರಿಲ್ಲ. ಬಲೆಗೆ ಬೀಳುವುದಾದರೆ ನಾನೇ ಮೊದಲು ಬೀಳುತ್ತೇನೆ ಎಂದು ಅರ್ಥ.

ಮಾರನೆಯ ದಿನ ಒಂದು ತಟ್ಟೆ ಒಣದ್ರಾಕ್ಷಿ ಹಾಕಿದ ಅನ್ನದೊಂದಿಗೆ ಬಂತು. ಅನ್ನ ಬಗೆದೆ. ತಳದಲ್ಲಿ ಮಡಚಿದ ಕಾಗದ: 164. ನಾನು ನೆಲದ ಮೇಲೆ ಕೂತು ಅತ್ತೆ. ಉಪವಾಸ ಮುರಿಯಿತೋ ಏನೋ, ಕಣ್ಣೀರು ಬಾಯಿಗೆ ಹೋಗಿತ್ತು.

ಆಮೇಲೆ ದಿನಕ್ಕೆ ಎರಡು ಮನೆ. ಕೆಲವು ಮನೆಯಲ್ಲಿ ಎರಡು ಡ್ರಮ್ಮು, ಕೆಲವರಲ್ಲಿ ಮೂರು. ಒಬ್ಬಳು ಬೇಯಿಸಿದ ಮೊಟ್ಟೆಯ ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಕಳಿಸಿದಳು. ಒಂದು ಮನೆಯಿಂದ ಮೂರು ಸಲ ಬರೀ ಎಲೆಯಲ್ಲಿ ಸುತ್ತಿದ ದೋಲ್ಮಾ ಬಂತು, ಅಂಕಿ ಬರಲಿಲ್ಲ. ನಾನೂ ಹಟ ಬಿಡದೆ ನಾಲ್ಕನೆಯ ಸಲ ಕಳಿಸಿದೆ. 198 ಬಂತು, ಜೊತೆಗೆ "ಟೀಚರ್, ಇನ್ನು ಕುಬ್ಬಾ ಸಾಕು" ಎಂಬ ಸಾಲು. ಅಕ್ಷರ ನೋಡಿದೆ, ನನ್ನ ಹಳೆಯ ವಿದ್ಯಾರ್ಥಿನಿಯೇ. ಕೊನೆಗೆ ಅಬು ದಾವೂದ್ ತಟ್ಟೆಯೂ ಬಂತು. ಮೂರು ಅಂಕಿ, ಕೆಳಗೆ ಒಂದು ಒಕ್ಕಣೆ: "ಪಾರಿವಾಳಗಳು ಸಲಾಮು ಹೇಳಿವೆ."

ನಾನು ಹಳೆಯ ಹಾಜರಿ ಪುಸ್ತಕ ತೆಗೆದು ನೂರ ಅರವತ್ತೊಂದರಿಂದ ಇನ್ನೂರರವರೆಗೆ ಬರೆದು, ಬಂದ ಹಾಗೆಲ್ಲ ಗುರುತು ಹಾಕಿದೆ. ಹದಿನೇಳನೆಯ ದಿನಕ್ಕೆ ಮೂವತ್ತೊಂಬತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಸುಳ್ಳಿಲ್ಲದೆ ತುಂಬಿದ ಹಾಜರಿ ಇದೊಂದೇ.

ನಾನು ಹೇಳಿಕಳಿಸಿದ್ದರಿಂದ ಕಳೆದ ಗುರುವಾರ ಹದಿಮೂರನೆಯ ತಾರೀಕು ಮಧ್ಯಾಹ್ನ ಮೇಡಂ ಮತ್ತು ನಮೀರ್ ಬರುವವರಿದ್ದರು. ಅವರು ಮನೆಯೊಳಗೆ ನುಗ್ಗುವುದು ಬೇಡ, ನಾವೇ ಹೊರಗೆ ತರೋಣ ಎಂದಳು ಬದ್ರಿಯಾ. ಮೊದಲು ಅವಳೇ ತನ್ನದನ್ನು ಉರುಳಿಸಿಕೊಂಡು ಬೀದಿಗೆ ಬಂದಳು, ತುರ್ಶಿಯ ನೀರು ದಾರಿಯುದ್ದಕ್ಕೂ ಚೆಲ್ಲುತ್ತ. ಆಮೇಲೆ ನಾನು. ಸ್ವಲ್ಪ ಹೊತ್ತು ನಾವಿಬ್ಬರೇ, ಎರಡು ಡ್ರಮ್ಮು. ಆಗ ಎದುರಿನ ತಿರುವಿನಿಂದ ಗಡಗಡ ಸದ್ದು ಕೇಳಿತು. ಹದೀಲ್, ಆ ಸದ್ದು ನೀನು ಕೇಳಬೇಕಿತ್ತು! ಹೆಂಗಸರು, ಮುದುಕರು, ಎಲ್ಲ ಗಲ್ಲಿಯಿಂದಲೂ ನೀಲಿ ಡ್ರಮ್ಮು ಉರುಳಿಸಿಕೊಂಡು ಬಂದರು. ಹೆಲಿಕಾಪ್ಟರೊಂದು ಏನಾಯಿತೋ ಎಂದು ಕೆಳಗೆ ಇಳಿದು ಎರಡು ಸುತ್ತು ಹಾಕಿತು. ಒಂದನ್ನು ಕೊಯ್ದು ರೊಟ್ಟಿ ಸುಡುವ ತನ್ನೂರು ಮಾಡಿದ್ದರು, ಅದನ್ನು ಮಣ್ಣು ಸಮೇತ ಹೊತ್ತು ತಂದರು. ಇನ್ನೊಂದರಲ್ಲಿ ದಾಸವಾಳ ಇತ್ತು, ಹೂ ಬಿಟ್ಟಿತ್ತು.

ಬ್ರೆಡ್ಡಿನ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದೆವು. ನಾನು ಹಾಜರಿ ಕೂಗಿದೆ, ಶಾಲೆಯಲ್ಲಿ ಕೂಗಿದ ಹಾಗೆಯೇ. ಮೇಡಂ ಒಂದೊಂದರ ಮುಂದೆಯೂ ಮಂಡಿಯೂರಿ ಅಂಕಿ ಓದಿದಳು, ಯಂತ್ರ ಹಿಡಿದಳು, ಒಳಗೆ ಕೆರೆದು ಪುಡಿ ತೆಗೆದಳು. ಯಂತ್ರ ಒಂದಕ್ಕೂ ಕೂಗಲಿಲ್ಲ. ಬದ್ರಿಯಾ ನಮೀರನ ತೋಳು ಹಿಡಿದು, "ಲೋ, ನಂದನ್ನ ಸರಿಯಾಗಿ ನೋಡೋಕೆ ಹೇಳು, ಇದ್ರಲ್ಲಿ ವಿಷ ಇಲ್ಲ ಅಂತ ನಮ್ಮತ್ತೆ ಗೋರಿಗೆ ಒಂದು ಕಾಗದ ಬರ್ಸ್ಕೊಡು," ಎಂದಳು. ಅವನು ಅದನ್ನು ಹೇಳಿದಾಗ ಮೇಡಂ ಮಂಡಿಯೂರಿದ್ದವಳು ಹಾಗೆಯೇ ನೆಲದ ಮೇಲೆ ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಯಾರ ಗಂಡಸನ್ನೂ ಕರೆದುಕೊಂಡು ಹೋಗಲಿಲ್ಲ. ಆದರೆ ಹೊರಡುವ ಮುಂಚೆ ಪಟ್ಟಿ ತೆಗೆದು ಒಂದು ಅಂಕಿಯ ಮೇಲೆ ಬೆರಳಿಟ್ಟಳು. ನೂರ ಎಂಬತ್ತೇಳು.

ಅದು ನಿನ್ನಲ್ಲಿದೆ ಮಗಳೇ. ಆ ಒಂದು ಸಿಗದೆ ಅವರ ಕಡತ ಮುಗಿಯುವುದಿಲ್ಲವಂತೆ, ಕಡತ ಮುಗಿಯದೆ ಅಪ್ಪನನ್ನು ಬಿಡುವುದಿಲ್ಲವಂತೆ. ಹಬ್ಬಕ್ಕೆ ಇನ್ನು ಆರು ದಿನ. ನೀನೇ ತರಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ಆಗದು, ಅದು ಯಾವಾಗಿನಿಂದ ನಿನ್ನಲ್ಲಿದೆ ಎಂದು ನೀನೇ ಹೇಳಬೇಕಂತೆ.

ತುಂಬಿದ ನೂರ ಅರವತ್ತರ ವಿಷಯ ನಾನು ಮರೆಮಾಡುತ್ತಿಲ್ಲ. ಖಾಲಿ ಡ್ರಮ್ಮು ತೋರಿಸಿ ತುಂಬಿದವುಗಳಿಂದ ಕೈ ತೊಳೆದುಕೊಳ್ಳಲು ಬರುವುದಿಲ್ಲ, ಅಷ್ಟು ಗಣಿತ ನನಗೂ ಗೊತ್ತು. ಕ್ಷಮಿಸು ಎಂದು ಕೇಳುತ್ತಿಲ್ಲ. ಬಾ ಎಂದು ಕೇಳುತ್ತಿದ್ದೇನೆ.

ಯಾರೋ ಕೆಮ್ಮುತ್ತಿದ್ದಾರೆ, ಬದ್ರಿಯಾ ಇರಬೇಕು. ಇಫ್ತಾರಿನ ಹೊತ್ತಾಯಿತು. ತಟ್ಟೆಯಲ್ಲಿ ಆರು ಖರ್ಜೂರ ಇಟ್ಟಿದ್ದೇನೆ, ನನ್ನೊಬ್ಬಳಿಗೆ ಮೂರು ಸಾಕಿತ್ತು. ಕೈಗೆ ಅಭ್ಯಾಸ, ಏನು ಮಾಡುವುದು.

ಲಾನಾಳ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನನ್ನು ಕಾಯುತ್ತಿರುವ ಅಮ್ಮ,
ನಜೀಹಾ

ಮತ್ತೆ ಬರೆದದ್ದು, ಗುರುವಾರ ಬೆಳಿಗ್ಗೆ: ಲಕೋಟೆ ಅಂಟಿಸಿ ಆಗಿತ್ತು, ಬಿಚ್ಚಿದೆ. ಹದೀಲ್, ಮೇಲಿನ ಲೆಕ್ಕದಲ್ಲಿ ಒಂದು ತಪ್ಪಿದೆ, ತಿದ್ದದೆ ಕಳಿಸಲು ಮನಸ್ಸು ಬರಲಿಲ್ಲ. ನೂರ ಎಂಬತ್ತೇಳರ ಮೇಲೆ ಬೆರಳಿಟ್ಟ ಮೇಡಂ ಆಮೇಲೆ ನಮೀರನ ಕೈಲಿ ಹೇಳಿಸಿದ್ದು ಇಷ್ಟು: "ಹದಿನೈದು ವರ್ಷದಲ್ಲಿ ನಲವತ್ತರಲ್ಲಿ ಒಂದು ಯಾರ ಮನೇಲಾದ್ರೂ ಕಳ್ದು ಹೋಗತ್ತೆ. ಮೂವತ್ತೊಂಬತ್ತು ಸಾಕು." ಭಾನುವಾರ ಬಿಟ್ಟರು. ಅಪ್ಪ ಮನೆಯಲ್ಲಿದ್ದಾರೆ. ಕೆಮ್ಮಿದ್ದು ಬದ್ರಿಯಾ ಅಲ್ಲ. ಗುಂಡಿ ಮುಚ್ಚಿದ್ದೂ ಅವರೇ, ಉಪವಾಸದಲ್ಲಿ ಬೇಡ ಎಂದರೂ ಕೇಳಲಿಲ್ಲ. ಖರ್ಜೂರ ಆರು ಸರಿಯಾಗಿಯೇ ಇತ್ತು.

ಅಪ್ಪ ಇಲ್ಲದ ನಲವತ್ತು ಕೂಡಿಸಿದರು. ನೀನು ಇದ್ದ ಮೂವತ್ತೆರಡನ್ನು ಗಿಡದ ಬುಡದಲ್ಲಿ ಹೂತೆ. ನಾನು ಮನೆಯಲ್ಲಿರುವ ಒಬ್ಬ ಮನುಷ್ಯನನ್ನು ಕಳೆದು ಬರೆದೆ. ಬಿಡುಗಡೆಯಾಯಿತು ಎಂದರೆ ನೀನು ಸಂತೋಷಪಟ್ಟು ಅಲ್ಲೇ ಇದ್ದುಬಿಡುತ್ತೀಯ ಎಂದು ಹೆದರಿದೆ. ನಮ್ಮ ಮನೆಯಲ್ಲಿ ಹೆದರಿಕೆಯ ಗಣಿತ ಇನ್ನು ಸಾಕು.

ಬಂದ ದಿನದಿಂದ ಅಪ್ಪ ಹಜಾರದಲ್ಲಿ ಕೂತು ಬರೆಯುತ್ತಿದ್ದಾರೆ. ಒಂದರಿಂದ ನೂರ ಅರವತ್ತರವರೆಗೆ, ಪ್ರತಿಯೊಂದೂ ಯಾವ ದಿನ ಯಾವ ಲಾರಿಯಲ್ಲಿ ಎಲ್ಲಿಗೆ ಹೊರಟಿತು, ನೆನಪಿರುವಷ್ಟು. ಹಲಬ್ಜಾದ ಆ ಮಾರ್ಚಿಗೆ ಮುಂಚೆ ಹೊರಟವುಗಳ ಕೆಳಗೆ ಗೆರೆ ಎಳೆದಿದ್ದಾರೆ. "ಇದನ್ನ ಅಂಚೆಗೆ ಹಾಕೋದಲ್ಲ, ರೇಬ್ವಾರ್ ಕೈಗೆ ನಾನೇ ಕೊಡ್ಬೇಕು. ತಗೊಂಡು ಅವ್ರು ನನ್ನ ಮುಖಕ್ಕೆ ಉಗಿದ್ರೂ ಸರಿ," ಎಂದರು. ಈ ಸಲ ಗಿಡಕ್ಕೆ ನೀರು ಹಾಕಲು ಎದ್ದು ಹೋಗುವುದಿಲ್ಲ. ನಾನು ಬಿಡುವುದೂ ಇಲ್ಲ.

ಡ್ರಮ್ಮು ಹೊತ್ತು ತರಬೇಡ, ಅಕ್ಕಿ ಅದರಲ್ಲೇ ಇರಲಿ. ಆದರೆ ಕಾಗದದ ಜೊತೆ ಸುಲೈಮಾನಿಯಾ ಟ್ಯಾಕ್ಸಿಯವರ ಕೈಲಿ ನೀಲಿ ಅಂಚಿನ ತಟ್ಟೆಯಲ್ಲಿ ಖರ್ಜೂರ ತುಂಬಿದ ಕ್ಲೇಚಾ ಬಿಸ್ಕತ್ತು ಕಳಿಸಿದ್ದೇನೆ. ತಟ್ಟೆ ನನ್ನ ಮದುವೆಯದು, ಮರಳಿ ಬೇಕು. ಟ್ಯಾಕ್ಸಿಯವರ ಕೈಲಿ ಕೊಡಬೇಡ. ಬರಿದಾಗಿ ಬರುವಂತಿಲ್ಲ ಎಂದು ನಿನಗೆ ಗೊತ್ತು, ಆದರೆ ಏನಿಟ್ಟು ತರಲಿ ಎಂದು ಯೋಚಿಸುತ್ತ ಕೂರಬೇಡ. ಬಾಗಿಲ ಹತ್ತಿರ ಬಂದಾಗ ಲಾನಾಳ ಕೈಗೆ ಹಿಡಿಸು. ಬಾಗಿಲು ತೆರೆಯಲು ಅಪ್ಪನನ್ನೇ ಕಳಿಸುತ್ತೇನೆ.